ಎರಡು ಗಂಟೆಯ ಮನೆ

ದುಬೈಗೆ ಹೋದ ಮರುವರ್ಷ ರಜೆಯಲ್ಲಿ ಊರಿಗೆ ಬಂದಿದ್ದೆವು. ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ಆರು ವರ್ಷದ ಮಗಳು ತಾನಾಗಿಯೇ ಎದ್ದು, ಮುಖ ತೊಳೆದು, ಪೆಟ್ಟಿಗೆಯಿಂದ ಹೊಸ ಫ್ರಾಕ್ ತೆಗೆದು ಹಾಕಿಕೊಂಡು ಜಗಲಿಯಲ್ಲಿ ಬಂದು ಕುಳಿತಳು. "ಎಲ್ಲಿಗೆ ಹೊರಟದ್ದು?" ಎಂದು ದೊಡ್ಡಮ್ಮ ಕೇಳಿದರು. "ಚರ್ಚಿಗೆ" ಎಂದಳು. ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. "ಇವತ್ತು ಶುಕ್ರವಾರ ಮಗಾ. ಇವತ್ತು ಹೋಗುವುದು ಬ್ಯಾರಿಗಳು. ನಾವು ನಾಡಿದ್ದು" ಎಂದರು. ಮಗಳು ನಂಬಲಿಲ್ಲ. ದೊಡ್ಡಮ್ಮ ಸುಳ್ಳು ಹೇಳುತ್ತಿದ್ದಾರೆಯೇ ಎಂಬಂತೆ ನಮ್ಮ ಮುಖ ನೋಡಿದಳು.

ತಪ್ಪು ಅವಳದಲ್ಲ. ಯುಎಇಯಲ್ಲಿ 2006ರಿಂದ 2021ರ ಕೊನೆಯವರೆಗೆ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಕಚೇರಿ. ಹೀಗಾಗಿ ಅಲ್ಲಿನ ಕ್ರೈಸ್ತರ ದೊಡ್ಡ ಆರಾಧನೆ ಶುಕ್ರವಾರವೇ ನಡೆಯುತ್ತಿತ್ತು. ನಮ್ಮ ಕಟ್ಟಡದ ಲಿಫ್ಟಿನಲ್ಲಿ ಆ ದಿನ ಜುಮಾಕ್ಕೆ ಹೊರಟವರೂ ಆರಾಧನೆಗೆ ಹೊರಟವರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಒಟ್ಟಿಗೆ ಇಳಿಯುತ್ತಿದ್ದೆವು. ಅಲ್ಲಿ ಕಣ್ಣು ಬಿಟ್ಟ ಮಗುವಿಗೆ ದೇವರ ದಿನ ಶುಕ್ರವಾರವಲ್ಲದೆ ಇನ್ನು ಯಾವುದು?

ಆ ರಜೆಯಲ್ಲಿ ನಾವು ಇಳಿದುಕೊಂಡದ್ದು ದೊಡ್ಡಮ್ಮನ ಮನೆಯಲ್ಲಿ. ನಮ್ಮ ಮನೆ ಆಗಲೇ ಬೇರೆಯವರದಾಗಿತ್ತು. ಅಪ್ಪನ ಕಾಯಿಲೆ ಎರಡು ವರ್ಷ ಎಳೆಯಿತು. ಮೊದಲು ಚಿನ್ನ ಹೋಯಿತು, ಆಮೇಲೆ ಹಿತ್ತಿಲಿನ ಹತ್ತು ಸೆಂಟ್ಸ್ ಹೋಯಿತು, ಕೊನೆಗೆ 2014ರಲ್ಲಿ ಅಪ್ಪನೂ ಮನೆಯೂ ಒಂದೇ ವರ್ಷದಲ್ಲಿ ಹೋದವು. ಮರುವರ್ಷ ನಮ್ಮಿಬ್ಬರಲ್ಲಿ ಒಬ್ಬರಿಗೆ ದುಬೈಯ ಒಂದು ಸಾಗಾಟ ಕಂಪೆನಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಹೊರಟೆವು. ಅಮ್ಮ ಒಂದು ವರ್ಷ ದೊಡ್ಡಮ್ಮನ ಮನೆಯಲ್ಲಿದ್ದು, ಆ ರಜೆ ಮುಗಿಸಿ ನಾವು ಹಿಂತಿರುಗುವಾಗ ನಮ್ಮ ಜೊತೆ ವಿಮಾನ ಹತ್ತಿದರು. ಯಾರ ಅಮ್ಮ, ಯಾರಿಗೆ ಅತ್ತೆ ಎಂಬುದು ಇಲ್ಲಿ ಬೇಡ. ಮನೆಯಲ್ಲಿ ಎಲ್ಲರಿಗೂ ಅವರು ಅಮ್ಮ.

ನಮ್ಮದು ಉಡುಪಿ ಕಡೆಯ ಬಾಸೆಲ್ ಮಿಶನ್ ಮೂಲದ ಕುಟುಂಬ. ಮಾತು ತುಳು, ಬೈಬಲ್ ಕನ್ನಡ, ಹಾಡಿನ ರಾಗ ಜರ್ಮನಿಯದ್ದು. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನಿನವರನ್ನು ಓದುಗರು ಕಿಟ್ಟೆಲರ ನಿಘಂಟಿನಿಂದಲೂ ಮಂಗಳೂರು ಹಂಚಿನಿಂದಲೂ ಬಲ್ಲರು. ನಮ್ಮ ಹಿರಿಯರಿಗೆ ಅವರ ಪರಿಚಯವಾದದ್ದು ಬೇರೆ ಬಗೆಯಲ್ಲಿ. ಮತ ಬದಲಿಸಿದವರಿಗೆ ಆಗ ಮನೆಯ ಬಾಗಿಲು ಮುಚ್ಚುತ್ತಿತ್ತು, ಕುಲಕಸುಬು ಕೈಬಿಡುತ್ತಿತ್ತು. ಅದಕ್ಕಾಗಿಯೇ ಮಿಶನಿನವರು ನೇಯ್ಗೆ, ಹಂಚು ಎಂದು ಕಾರ್ಖಾನೆ ತೆರೆದದ್ದು. ಮುತ್ತಜ್ಜ ಮಲ್ಪೆಯ ಹಂಚಿನ ಕಾರ್ಖಾನೆಯಲ್ಲಿ ಆವೆಗೆ ಸೌದೆ ಒಟ್ಟುತ್ತಿದ್ದವರು. ಕೆಲಸ, ಬಿಡಾರ, ಶಾಲೆ, ಮದುವೆ, ಮಣ್ಣು, ಎಲ್ಲವೂ ಸಭೆಯ ಸುತ್ತಲೇ. ಚರ್ಚು ಎಂದರೆ ವಾರಕ್ಕೊಮ್ಮೆ ಹೋಗಿ ಬರುವ ಜಾಗ ಎಂಬ ಭಾವನೆ ನಮಗೆ ಬರಲೇ ಇಲ್ಲ. ಊರ ಚರ್ಚಿನಲ್ಲಿ ಹೆಂಗಸರ ಸಾಲಿನ ಮೂರನೆಯ ಬೆಂಚು, ಕಿಟಕಿಯ ಬದಿ, ಅಮ್ಮನದು. ಅದಕ್ಕೆ ಮೊದಲು ಅವರ ಅತ್ತೆಯದು. ಹಾಗೆಂದು ಎಲ್ಲಿಯೂ ಬರೆದಿಲ್ಲ. ಬೇರೆ ಯಾರೂ ಕುಳಿತುಕೊಳ್ಳುವುದಿಲ್ಲ, ಅಷ್ಟೆ.

ಆ ಬೆಂಚಿನಿಂದ ಎದ್ದು ಬಂದವರನ್ನು ದುಬೈಯಲ್ಲಿ ಎಲ್ಲಿ ಕೂರಿಸುವುದು?

ಮೊದಲು ಒಂದು ದೊಡ್ಡ ಇಂಗ್ಲಿಷ್ ಸಭೆಗೆ ಹೋದೆವು. ದೊಡ್ಡ ಪರದೆ, ಗಿಟಾರು, ಡ್ರಮ್ಮು. ಬಾಗಿಲಲ್ಲಿ ನಿಂತವರು ನಗುತ್ತಾ ಕೈಕುಲುಕಿ ನಮ್ಮ ಹೆಸರು ಕೇಳಿದರು. ಮುಂದಿನ ವಾರವೂ ಕೈಕುಲುಕಿ ಹೆಸರು ಕೇಳಿದರು. ಐದನೆಯ ವಾರವೂ ಕೇಳಿದರು. ಅವರನ್ನು ದೂರುವಂತಿಲ್ಲ, ಬರುವವರೇ ಸಾವಿರ ಜನ. ಅಮ್ಮ ಮಾತ್ರ ಇಡೀ ಹೊತ್ತು ಕಣ್ಣು ಮುಚ್ಚಿ ಕುಳಿತಿರುತ್ತಿದ್ದರು. ಪ್ರಾರ್ಥನೆಯೇ ಎಂದು ನಾವು ತಿಳಿದಿದ್ದೆವು. "ಕಣ್ಣು ಬಿಟ್ಟರೆ ತಲೆ ತಿರುಗುತ್ತದೆ, ಅಷ್ಟು ಲೈಟು" ಎಂದು ಒಂದು ದಿನ ಹೇಳಿದರು.

ಆಮೇಲೆ ಯಾರೋ ಹೇಳಿದರು, ಊದ್ ಮೇತಾದಲ್ಲಿ ಕನ್ನಡದ ಒಂದು ಸಣ್ಣ ಸಭೆ ಸೇರುತ್ತದೆ ಎಂದು.

ಊದ್ ಮೇತಾ ಎಂದರೆ ಕರಾಮಾದ ಪಕ್ಕ. ಅಲ್ಲಿ ಕಥೋಲಿಕರ ಸೈಂಟ್ ಮೇರೀಸ್ ಚರ್ಚ್ ಇದೆ. ಅದರ ಹತ್ತಿರವೇ ಆಂಗ್ಲಿಕನ್ನರ ಹೋಲಿ ಟ್ರಿನಿಟಿಯ ಕಂಪೌಂಡ್. ಈ ಜಾಗ ದುಬೈಯ ಅಂದಿನ ಆಡಳಿತಗಾರ ಶೇಖ್ ರಶೀದ್ ಬಿನ್ ಸಯೀದ್ ಅಲ್ ಮಕ್ತೂಮ್ ಅವರು ದಾನವಾಗಿ ಕೊಟ್ಟದ್ದು. ಸೈಂಟ್ ಮೇರೀಸಿನ ಮೊದಲ ಕಟ್ಟಡ 1967ರಲ್ಲಿಯೇ ತೆರೆದಿತ್ತು, ಯುಎಇ ಎಂಬ ದೇಶ ಹುಟ್ಟುವುದಕ್ಕಿಂತ ನಾಲ್ಕು ವರ್ಷ ಮೊದಲು. ನಮ್ಮೂರಿನ ಹಾಗೆ ದೂರದಿಂದ ಕಾಣುವ ಗೋಪುರವಾಗಲಿ ಗಂಟೆಯ ಸದ್ದಾಗಲಿ ಇಲ್ಲಿಲ್ಲ. ಪ್ರಾರ್ಥನೆ ಏನಿದ್ದರೂ ಗೋಡೆಯ ಒಳಗೆ. ಹೊರಗೆ ಪ್ರಚಾರ ಮಾಡುವಂತಿಲ್ಲ. ಒಳಗೆ ಹೋದರೆ ಮಾತ್ರ ಅದು ಬೇರೆಯೇ ಲೋಕ. ಸಭೆಗಳು ಬಹಳ, ಹಾಲ್‌ಗಳು ಕೆಲವೇ. ಆದ್ದರಿಂದ ಪ್ರತಿಯೊಂದು ಸಭೆಗೂ ಹೊತ್ತು ಗೊತ್ತು ಮಾಡಿ ಕೊಡುತ್ತಾರೆ. ಒಂದು ಕೋಣೆಯಲ್ಲಿ ಮಲಯಾಳ, ಇನ್ನೊಂದರಲ್ಲಿ ತಮಿಳು, ಮಹಡಿಯ ಮೇಲೆ ತೆಲುಗು, ಆಚೆ ಫಿಲಿಪ್ಪೀನಿನವರ ಹಾಡು. ಎಲ್ಲವೂ ಒಂದೇ ಹೊತ್ತಿಗೆ ಕೇಳುತ್ತದೆ. ಮೀನು ಮಾರ್ಕೆಟಿನಲ್ಲಿ ನಿಂತ ಹಾಗೆ ಎಂದು ಅಮ್ಮ ಹೇಳಿದ್ದುಂಟು. ಮಲ್ಪೆಯ ಕಡೆಯವರ ಬಾಯಲ್ಲಿ ಅದು ಬೈಗುಳವಲ್ಲ.

ನಮಗೆ ಸಿಕ್ಕಿದ್ದು ಎರಡು ಗಂಟೆ. ನಮಗಿಂತ ಮೊದಲು ಅದೇ ಹಾಲ್‌ನಲ್ಲಿ ಒಂದು ತಮಿಳು ಸಭೆ, ನಮ್ಮ ಬಳಿಕ ಪಾಕಿಸ್ತಾನದವರ ಉರ್ದು ಸಭೆ. ಅವರ ತಬಲಾ, ಹಾರ್ಮೋನಿಯಂ ಬಾಗಿಲ ಹೊರಗೆ ಬಂದು ಕಾಯುತ್ತಿರುತ್ತಿದ್ದವು. ಅವರು ದಾವೀದನ ಕೀರ್ತನೆಗಳನ್ನು ಝಬೂರ್ ಎಂದೇ ಕರೆದು ಪಂಜಾಬಿಯಲ್ಲಿ ಹಾಡುತ್ತಾರೆ. ನಮ್ಮ ಪ್ರಸಂಗ ಸ್ವಲ್ಪ ಉದ್ದವಾದರೆ ಹೊರಗೆ ತಬಲಾದ ಮೇಲೆ ಬೆರಳಾಡುವ ಸದ್ದು ಕೇಳುತ್ತಿತ್ತು. ಅದಕ್ಕಿಂತ ಒಳ್ಳೆಯ ಗಡಿಯಾರ ನಮ್ಮ ಊರ ಸಭೆಗೂ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

"ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ದೇವರ ಮನೆ" ಎಂದು ಅಮ್ಮ ಮೊದಲ ದಿನ ಮೂಗು ಮುರಿದರು. ನಾವು ಹಿಂದಿನ ಸಾಲಿನಲ್ಲಿ ಕುಳಿತು, ಮುಗಿದ ಕೂಡಲೇ ಎದ್ದು ಬಂದೆವು. ಎರಡನೆಯ ವಾರವೂ ಹಾಗೆಯೇ ಮಾಡುವವರಿದ್ದೆವು. ಅಷ್ಟರಲ್ಲಿ ಒಬ್ಬರು ಬಂದು ನಮ್ಮ ಕೈಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. "ಉರ್ದುವಿನವರು ಬಂದರು, ಬೇಗ ಬೇಗ" ಎಂದರು. ಹೆಸರು ಕೇಳಲಿಲ್ಲ, ಕೈಕುಲುಕಲಿಲ್ಲ. ಹತ್ತು ನಿಮಿಷದಲ್ಲಿ ಹಾಡಿನ ಪುಸ್ತಕ ಪೆಟ್ಟಿಗೆಗೆ ಸೇರಬೇಕು, ಮೈಕಿನ ತಂತಿ ಸುತ್ತಬೇಕು, ಮೇಜಿನ ಬಟ್ಟೆ ಮಡಚಬೇಕು. ಮಗಳು ಯಾರೂ ಹೇಳದೆಯೇ ಪುಸ್ತಕ ಹೆಕ್ಕುತ್ತಾ ಓಡಾಡತೊಡಗಿದಳು. ಮೂರನೆಯ ವಾರ ನಾವೇ ಬೇರೆ ಯಾರದೋ ಕೈಗೆ ಕುರ್ಚಿ ಕೊಟ್ಟೆವು.

ಸಭೆಯಲ್ಲಿ ಕರಾವಳಿಯವರು ಅರ್ಧ, ಉಳಿದವರು ಧಾರವಾಡ, ಗದಗ, ಬೆಂಗಳೂರು, ಮೈಸೂರಿನ ಕಡೆಯವರು. ಮೈಸೂರಿನವರದು ವೆಸ್ಲಿಯನ್ ಮಿಶನಿನ ಮೂಲ. ಹಾಡಿನ ರಾಗವೂ ಬೇರೆ, ಪ್ರಾರ್ಥನೆಯ ಮಾತೂ ಅಲ್ಲಲ್ಲಿ ಬೇರೆ. ಕರ್ತನ ಪ್ರಾರ್ಥನೆ ಒಟ್ಟಿಗೆ ಶುರುವಾಗಿ, ನಡುವೆ ಎರಡು ಕವಲಾಗಿ, ಆಮೆನ್ ಹೊತ್ತಿಗೆ ಮತ್ತೆ ಒಂದಾಗುತ್ತಿತ್ತು. ಈ ವಿಷಯದಲ್ಲಿ ಒಮ್ಮೆ ಸಣ್ಣ ಜಗಳವೂ ಆಯಿತು. ಯಾವ ಪಾಠ ಸರಿ ಎಂದು ವಾಟ್ಸಾಪಿನಲ್ಲಿ ನಾಲ್ಕು ದಿನ ಬಿಸಿಬಿಸಿ ಮಾತು. ದೇವರಿಗೆ ಎರಡೂ ಅರ್ಥವಾಗುತ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಅದು ತಾನಾಗಿಯೇ ತಣ್ಣಗಾಯಿತು. ಈಗಲೂ ಎರಡು ಕವಲಾಗಿಯೇ ಹೇಳುತ್ತೇವೆ.

ಅಮ್ಮನನ್ನು ಹಿಂದಿನ ಸಾಲಿನಿಂದ ಎಬ್ಬಿಸಿದವರು ಗದಗ-ಬೆಟಗೇರಿಯ ಒಬ್ಬ ಹಿರಿಯ ಹೆಂಗಸು. ಮಗನ ಮನೆಗೆ ಬಂದಿದ್ದವರು. "ಯಾಕ್ರೀ ಅಮ್ಮಾರ, ಅಷ್ಟು ಹಿಂದ ಯಾಕ ಕುಂತೀರಿ? ಬರ್ರಿ, ಇಲ್ಲೆ ಬರ್ರಿ" ಎಂದು ಕೈಹಿಡಿದೇ ಕರೆದರು. ಅಮ್ಮನಿಗೆ ಆ ಕನ್ನಡ ಅರ್ಧ ತಿಳಿಯಲಿಲ್ಲ, ಕೈ ತಿಳಿಯಿತು. ಪಕ್ಕದಲ್ಲಿ ಹೋಗಿ ಕುಳಿತರು. ಆ ದಿನ ಹಾಡಿದ ಒಂದು ಹಾಡು ನಮ್ಮೂರಲ್ಲಿ ತುಳುವಿನಲ್ಲಿ ಹಾಡುವಂಥದ್ದು. ಅಮ್ಮನಿಗೆ ಕನ್ನಡದ ಸಾಲು ಬಾಯಿಪಾಠ ಇಲ್ಲ, ಕನ್ನಡಕ ತಂದಿರಲಿಲ್ಲ. ಒಂದು ಚರಣ ಸುಮ್ಮನಿದ್ದು, ಎರಡನೆಯದಕ್ಕೆ ತುಳುವಿನಲ್ಲಿಯೇ ಶುರು ಮಾಡಿದರು. ಬೆಟಗೇರಿಯವರು ತಿರುಗಿ ನೋಡಿದರು, ನಿಲ್ಲಿಸಲಿಲ್ಲ. ಬಾಸೆಲ್ ಮಿಶನಿನವರು ಮಂಗಳೂರಿನಿಂದ 1837ರಲ್ಲಿ ಧಾರವಾಡಕ್ಕೆ, ಆಮೇಲೆ ಹುಬ್ಬಳ್ಳಿ, ಬೆಟಗೇರಿಗೆ ಹೋದವರು. ಅಲ್ಲಿಗೂ ಇಲ್ಲಿಗೂ ಕೊಟ್ಟದ್ದು ಅದೇ ರಾಗ. ಘಟ್ಟದ ಕೆಳಗೆ ಒಂದು ಭಾಷೆ, ಮೇಲೆ ಒಂದು ಭಾಷೆ. ಇಬ್ಬರು ಮುದುಕಿಯರು ದುಬೈಯ ಒಂದು ಹಾಲ್‌ನಲ್ಲಿ ಕುಳಿತು ತಮ್ಮ ತಮ್ಮ ಭಾಷೆಯಲ್ಲಿ ಒಂದೇ ಕಡೆ ಏರಿ ಒಂದೇ ಕಡೆ ಇಳಿಯುತ್ತಿದ್ದರು.

ಮನೆಗೆ ಬರುವಾಗ ಮೆಟ್ರೋದಲ್ಲಿ ಅಮ್ಮ ಏನೂ ಹೇಳಲಿಲ್ಲ. ಖಾಡಿಯ ಅಡಿಯ ಸುರಂಗ ದಾಟಿದ ಮೇಲೆ, "ಆ ಹೆಂಗಸಿಗೆ ಮಂಡಿನೋವಂತೆ. ನಮ್ಮ ಎಣ್ಣೆ ಒಂದು ಬಾಟ್ಲಿ ಕೊಡಬೇಕು" ಎಂದರು.

ಹೀಗೆಲ್ಲ ಬರೆದರೆ ಅಮ್ಮನಿಗೆ ಎಲ್ಲವೂ ಸರಿಹೋಯಿತು ಎಂದು ಅನ್ನಿಸಬಹುದು. ಹಾಗಿರಲಿಲ್ಲ. ಊರ ಸಭೆಯ ವಾರ್ಷಿಕ ವಂತಿಗೆಯ ರಸೀದಿಗಳನ್ನು ಅವರು ಬೈಬಲಿನೊಳಗೆ ಇಟ್ಟುಕೊಂಡಿದ್ದರು. ಡಿಸೆಂಬರ್ ಬಂತೆಂದರೆ ದೊಡ್ಡಮ್ಮನಿಗೆ ಫೋನು, "ದುಡ್ಡು ಕಟ್ಟಿದಿರಾ?" ಎಂದು. ವಂತಿಗೆ ನಿಂತರೆ ಸದಸ್ಯತ್ವ ಹೋಗುತ್ತದೆ, ಸದಸ್ಯತ್ವ ಹೋದರೆ ಅಪ್ಪನ ಪಕ್ಕದ ಮಣ್ಣು ಸಿಗುವುದಿಲ್ಲ ಎಂಬುದು ಅವರ ಅಂಜಿಕೆ. ಇಲ್ಲಿನವರು ವರ್ಗಾವಣೆ ಪತ್ರ ತರಿಸಿಕೊಳ್ಳಿ ಎಂದು ಎರಡು ಸಲ ಹೇಳಿದರು. ನಾವೂ ಹೇಳಿದೆವು. "ಇಲ್ಲಿ ನಮ್ಮನ್ನು ವರ್ಷ ವರ್ಷ ನೋಡಿ ಇಟ್ಟುಕೊಳ್ಳುವುದು. ಪತ್ರ ತಂದು ಏನು ಮಾಡುವುದು?" ಎಂದು ಅಮ್ಮ ಕೇಳಿದರು. ಅದು ನಿಜ. ತಂದೆ ತಾಯಿಯರ ವೀಸಾ ಅಲ್ಲಿ ಒಂದೊಂದೇ ವರ್ಷದ್ದು. ನಮ್ಮದು ಕೆಲಸ ಇರುವವರೆಗೆ. ಅಲ್ಲಿ ಹುಟ್ಟಿ ಬೆಳೆದವರೂ ಒಂದು ದಿನ ಪೆಟ್ಟಿಗೆ ಕಟ್ಟಬೇಕಾದವರೇ. ಆ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ.

ನಾವಿದ್ದದ್ದು ಕುಸೈಸ್‌ನ ಹಳೆಯ ಕಟ್ಟಡವೊಂದರ ನಾಲ್ಕನೆಯ ಮಹಡಿ. ಎದುರು ಫ್ಲಾಟಿನಲ್ಲಿ ಪುತ್ತೂರು ಕಡೆಯ ಬ್ಯಾರಿ ಕುಟುಂಬ. ಅಮ್ಮನ ಜೊತೆ ಅವರ ಮಾತೆಲ್ಲ ತುಳುವಿನಲ್ಲಿಯೇ. ಒಮ್ಮೆ ರಜೆ ಮುಗಿಸಿ ಬರುವಾಗ ಆ ಮನೆಯಾಕೆ ಕಾಗದದಲ್ಲಿ ಕಟ್ಟಿದ ಬಸಳೆಯ ಬೀಜ ತಂದುಕೊಟ್ಟರು. ಅಮ್ಮ ಬಾಲ್ಕನಿಯಲ್ಲಿ ಎರಡು ಪೈಂಟಿನ ಡಬ್ಬಿಯಲ್ಲಿ ಮಣ್ಣು ತುಂಬಿಸಿ ಹಾಕಿದರು. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲ ಅದಕ್ಕೆ. ಬಟ್ಟೆ ಒಣಗಿಸುವ ಹಗ್ಗವೇ ಚಪ್ಪರ. ಆ ಬಿಸಿಲಿಗೆ ಮನುಷ್ಯರು ಬಾಡುತ್ತಾರೆ, ಬಸಳೆ ಹಬ್ಬಿತು.

ನವೆಂಬರಿನಲ್ಲಿ ಸಭೆಯ ಸುಗ್ಗಿ ಹಬ್ಬ. ಊರಲ್ಲಿ ಈ ಹಬ್ಬಕ್ಕೆ ಭತ್ತದ ತೆನೆ, ತೆಂಗಿನಕಾಯಿ, ಬಾಳೆಗೊನೆ, ಕೋಳಿ, ಹಿತ್ತಿಲಲ್ಲಿ ಬೆಳೆದದ್ದೆಲ್ಲ ಚರ್ಚಿಗೆ ಬರುತ್ತದೆ. ಆರಾಧನೆಯ ನಂತರ ಅಂಗಳದಲ್ಲಿ ಏಲಂ. ದುಬೈಯಲ್ಲಿ ಎಲ್ಲಿಯ ಗದ್ದೆ, ಎಲ್ಲಿಯ ಹಿತ್ತಿಲು? ಜನ ಸೂಪರ್ ಮಾರ್ಕೆಟಿನಿಂದ ಅನಾನಸು, ಕುಂಬಳಕಾಯಿ ತಂದಿಡುತ್ತಿದ್ದರು. ಬೆಲೆಯ ಚೀಟಿ ಕೂಡಾ ಕೆಲವರು ಕೀಳುತ್ತಿರಲಿಲ್ಲ. ಆ ವರ್ಷ ಅಮ್ಮ ಬಸಳೆಯ ಒಂದು ಕಟ್ಟು ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಮೆಟ್ರೋದಲ್ಲಿ ತಂದರು.

ಏಲಂ ಕೂಗುವವರು ಅದನ್ನು ಎತ್ತಿ ಹಿಡಿದು "ಹತ್ತು ದಿರ್ಹಮ್" ಎಂದರು. ಮೂಲ್ಕಿಯವರೊಬ್ಬರು ಇಪ್ಪತ್ತು ಎಂದರು. ಕಾಪುವಿನವರು ಮೂವತ್ತು ಎಂದರು. ಬಸಳೆ ಎಂದರೇನು ಎಂದೇ ಗೊತ್ತಿಲ್ಲದ ಬೆಟಗೇರಿಯ ಅಮ್ಮಾರು ಮಗನಿಗೆ ತಿವಿದು ಐವತ್ತು ಅನ್ನಿಸಿದರು. ಮೈಸೂರಿನ ಹುಡುಗನೊಬ್ಬ ತಮಾಷೆಗೆ ನೂರು ಎಂದ. ಅಲ್ಲಿಂದ ಕರಾವಳಿಯವರ ಮರ್ಯಾದೆಯ ಪ್ರಶ್ನೆಯಾಯಿತು. ಕೊನೆಗೆ 260 ದಿರ್ಹಮಿಗೆ ಬೆಟಗೇರಿಯವರಿಗೇ ಹೋಯಿತು. ಬಾಗಿಲಲ್ಲಿ ಕಾಯುತ್ತಿದ್ದ ಉರ್ದು ಸಭೆಯವರೂ ಒಳಗೆ ಬಂದು ನಿಂತು ನೋಡುತ್ತಿದ್ದರು. ಅಮ್ಮನ ಮುಖ ಕೆಂಪಾಗಿತ್ತು. "ಮರುಳರು! ಒಂದು ಕಟ್ಟು ಸೊಪ್ಪಿಗೆ!" ಎಂದು ದಾರಿಯುದ್ದಕ್ಕೂ ಬೈದರು. ರಾತ್ರಿ ಬೆಟಗೇರಿಯವರ ಫೋನು, ಇದನ್ನು ಹೆಂಗ ಮಾಡೂದ್ರಿ ಎಂದು. ತೆಂಗಿನಕಾಯಿ ಎಷ್ಟು, ಕೊತ್ತಂಬರಿ ಎಷ್ಟು, ದಂಟು ಯಾವಾಗ, ಎಲೆ ಯಾವಾಗ ಎಂದು ಮುಕ್ಕಾಲು ಗಂಟೆ ಮಾತಾಯಿತು. ಅಪ್ಪ ಹೋದ ಮೇಲೆ ಅಮ್ಮ ಫೋನಿನಲ್ಲಿ ಅಷ್ಟು ಹೊತ್ತು ಮಾತನಾಡಿದ್ದನ್ನು ನಾವು ಕೇಳಿರಲಿಲ್ಲ.

ಒಮ್ಮೆ ಮಗಳಿಗೆ ಜ್ವರ ಬಂದು ಒಂದು ವಾರ ಹೋಗಲಾಗಲಿಲ್ಲ. ಮುಂದಿನ ವಾರ ಬಾಗಿಲಲ್ಲೇ ಮೂಲ್ಕಿಯವರು ಹಿಡಿದರು. "ಕರಿನ ವಾರ ಓಡೆ ಪೋದಿತ್ತರ್?" ಹೋದ ವಾರ ಎಲ್ಲಿಗೆ ಹೋಗಿದ್ದಿರಿ ಎಂಬ ಆ ಪ್ರಶ್ನೆಯಲ್ಲಿ ವಿಚಾರಣೆಗಿಂತ ಗದರಿಕೆಯೇ ಹೆಚ್ಚಿತ್ತು. ಊರಲ್ಲಿ ಇದೇ ಪ್ರಶ್ನೆಗೆ ನಾವು ಸಿಡಿಮಿಡಿಗೊಂಡದ್ದುಂಟು. ಅಲ್ಲಿ ಮಾತ್ರ ಕ್ಷಮೆ ಕೇಳಿ, ಜ್ವರದ ಕತೆಯನ್ನು ಥರ್ಮಾಮೀಟರಿನ ಅಂಕೆಯ ಸಮೇತ ಒಪ್ಪಿಸಿದೆವು.

2020ರ ಮಾರ್ಚ್ ಮಧ್ಯದಲ್ಲಿ ಮಸೀದಿ, ಚರ್ಚು, ಮಂದಿರ ಎಲ್ಲವೂ ಮುಚ್ಚಿದವು. ಬಾಂಗ್ ಮಾತ್ರ ನಿಲ್ಲಲಿಲ್ಲ. ಒಂದು ಸಂಜೆ ಅದರಲ್ಲಿ ಏನೋ ಬೇರೆ ಮಾತು ಕೇಳಿದಂತಾಗಿ ಅಮ್ಮ ಎದುರು ಮನೆಯಾಕೆಯನ್ನು ಬಾಗಿಲಿಂದಲೇ ಕೇಳಿದರು. "ನಿಮ್ಮ ಮನೆಗಳಲ್ಲಿಯೇ ನಮಾಝ್ ಮಾಡಿ ಎಂದು ಹೇಳುತ್ತಿದ್ದಾರೆ ಅಮ್ಮಾ" ಎಂದರು ಅವರು. ಹೇಳುವಾಗ ಕಣ್ಣಲ್ಲಿ ನೀರಿತ್ತು. ಇದು ಹೊಸತೇನಲ್ಲ, ಮಳೆ ಚಳಿಯ ರಾತ್ರಿಗಳಲ್ಲಿ ಹೀಗೆ ಕರೆಯುವ ಕ್ರಮ ಪ್ರವಾದಿಯವರ ಕಾಲದಲ್ಲಿಯೇ ಇತ್ತು ಎಂದು ಅವರ ಗಂಡ ಒಳಗಿನಿಂದ ವಿವರಿಸಿದರು. ಆದರೂ ತಮ್ಮ ಆಯುಷ್ಯದಲ್ಲಿ ಕೇಳುತ್ತೇವೆಂದು ಅವರು ಎಣಿಸಿರಲಿಲ್ಲವಂತೆ.

ನಮ್ಮ ಆರಾಧನೆ ಫೋನಿಗೆ ಬಂತು. ಅಮ್ಮ ಸೀರೆ ಉಟ್ಟು, ಹೂ ಮುಡಿದು, ಟೀಪಾಯಿಯ ಮೇಲೆ ನಿಲ್ಲಿಸಿದ ಫೋನಿನೆದುರು ಕೂರುತ್ತಿದ್ದರು. ಒಬ್ಬರ ಹಾಡು ಇನ್ನೊಬ್ಬರಿಗೆ ತಲುಪುವಷ್ಟರಲ್ಲಿ ತಡವಾಗಿ ಎಲ್ಲ ಕಲಸುಮೇಲೋಗರ. ಕೊನೆಗೆ ಎಲ್ಲರೂ ಧ್ವನಿ ಬಂದ್ ಮಾಡಿ ತಮ್ಮ ತಮ್ಮ ಮನೆಯಲ್ಲಿ ಹಾಡಿಕೊಳ್ಳಬೇಕೆಂದು ತೀರ್ಮಾನವಾಯಿತು. ಅಮ್ಮನಿಗೆ ಆ ಗುಂಡಿ ಎಲ್ಲಿದೆ ಎಂದು ಗೊತ್ತಿಲ್ಲ. ಇಡೀ ಸಭೆಗೆ ಅಮ್ಮನ ತುಳು ಒಂದೇ ಕೇಳುತ್ತಿತ್ತು. ಯಾರೂ ಆಕ್ಷೇಪಿಸಲಿಲ್ಲ.

ಆ ದಿನಗಳಲ್ಲಿಯೇ ನಮ್ಮ ಸಂಬಳ ಅರ್ಧವಾಯಿತು. ನಾವು ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಬಾಗಿಲ ಹೊರಗೆ ಹತ್ತು ಕಿಲೋ ಅಕ್ಕಿ, ಎಣ್ಣೆ, ಬೇಳೆ. ಯಾರಿಟ್ಟದ್ದೆಂದು ಇವತ್ತಿಗೂ ಖಚಿತವಿಲ್ಲ. ಸಭೆಯವರನ್ನು ಕೇಳಿದರೆ ನಿಮ್ಮ ಬ್ಯಾರಿಗಳಿರಬೇಕು ಎಂದರು. ಎದುರು ಮನೆಯವರನ್ನು ಕೇಳಿದರೆ ನಿಮ್ಮ ಚರ್ಚಿನವರಿರಬೇಕು ಎಂದರು. ಕುಚ್ಚಲಕ್ಕಿಯಾದ್ದರಿಂದ ಕರಾವಳಿಯವರೇ ಎಂಬುದಷ್ಟೇ ಅಮ್ಮನ ಪತ್ತೇದಾರಿಕೆ.

ಮೇ ತಿಂಗಳಲ್ಲಿ ವಿಮಾನಗಳು ಶುರುವಾದವು. 12ರಂದು ದುಬೈಯಿಂದ ಮಂಗಳೂರಿಗೆ ಮೊದಲನೆಯದು ಹೋಯಿತು. ಅಲ್ಲಿಂದ ಮುಂದೆ ವಾರವಾರವೂ ನಮ್ಮವರು ಯಾರಾದರೂ ಹೊರಟರು. ಕೆಲಸ ಹೋದವರು, ಅಂಗಡಿ ಮುಚ್ಚಿದವರು, ಹೆರಿಗೆಗೆ ಹೊರಟವರು. ಬೆಟಗೇರಿಯವರ ಮಗನ ಕೆಲಸವೂ ಹೋಯಿತು. ಹೊರಡುವ ಮುನ್ನ ಅವರು ಕೆಳಗೆ ಕಾರಿನಲ್ಲಿ ಬಂದು ನಿಂತರು. ಮೇಲೆ ಬರುವಂತಿರಲಿಲ್ಲ. ಅಮ್ಮ ನಾಲ್ಕನೆಯ ಮಹಡಿಯ ಬಾಲ್ಕನಿಯಲ್ಲಿ ಬಸಳೆಯ ಸಂದಿನಿಂದ ಕೈ ಬೀಸಿದರು. ಅವರೂ ಬೀಸಿದರು. ಮಾತನಾಡಿದ್ದು ಫೋನಿನಲ್ಲಿ. ಏನು ಮಾತನಾಡಿಕೊಂಡರು ಎಂದು ನಾವು ಕೇಳಲಿಲ್ಲ.

ಹಾಲ್ ಮತ್ತೆ ತೆರೆದಾಗ ಹಾಕಬೇಕಾದ ಕುರ್ಚಿಗಳು ಅರ್ಧಕ್ಕಿಂತ ಕಡಿಮೆಯಾಗಿದ್ದವು. 2022ರ ಜನವರಿಯಿಂದ ರಜೆ ಶನಿವಾರ ಮತ್ತು ಭಾನುವಾರಕ್ಕೆ ಬದಲಾಗಿ, ನಮ್ಮ ಆರಾಧನೆಯೂ ಭಾನುವಾರಕ್ಕೆ ಬಂತು. ಮಗಳಿಗೆ ಅಷ್ಟು ಹೊತ್ತಿಗೆ ಹನ್ನೆರಡು. "ಈಗ ಎಲ್ಲ ಊರಿನ ಹಾಗೆಯೇ ಆಯಿತಲ್ಲ" ಎಂದರೆ, "ಊರಲ್ಲಿ ಕುರ್ಚಿ ಎತ್ತಲಿಕ್ಕಿಲ್ಲವಲ್ಲ" ಎಂದಳು. ಅದು ದೂರೋ ಹೊಗಳಿಕೆಯೋ ತಿಳಿಯಲಿಲ್ಲ.

ಕಳೆದ ಬಾರಿ ಊರಿಗೆ ಹೋದಾಗ ಅಮ್ಮ ಅಪ್ಪನ ಸಮಾಧಿಯ ಸುತ್ತ ಹುಲ್ಲು ಕೀಳಿಸಿದರು. ವಂತಿಗೆ ತಾವೇ ಕಟ್ಟಿ ರಸೀದಿ ತಂದರು. ಭಾನುವಾರ ಚರ್ಚಿಗೆ ಹೋದರೆ ಕಿಟಕಿಯ ಬದಿಯ ಜಾಗದಲ್ಲಿ ಯಾರೋ ಹೊಸ ಸೊಸೆ ಮಗುವನ್ನು ಮಲಗಿಸಿಕೊಂಡು ಕುಳಿತಿದ್ದಳು. ಅಕ್ಕಪಕ್ಕದವರು ಅವಳಿಗೆ ಕಣ್ಸನ್ನೆ ಮಾಡಿದರು. ಅಮ್ಮ ಬೇಡವೆಂದು ಕೈ ಆಡಿಸಿ ಪಕ್ಕದಲ್ಲಿ ಕುಳಿತು, ಆರಾಧನೆ ಮುಗಿಯುವ ತನಕ ಆ ಮಗುವಿನ ಕಾಲು ಹಿಡಿದುಕೊಂಡಿದ್ದರು.

ವರ್ಗಾವಣೆ ಪತ್ರದ ಮಾತನ್ನು ಈಗ ಯಾರೂ ಎತ್ತುವುದಿಲ್ಲ. ಊರ ವಂತಿಗೆಯ ರಸೀದಿ, ಇಲ್ಲಿಯ ಸಭೆಯ ಕಾಣಿಕೆಯ ಲಕೋಟೆ ಎರಡೂ ಅದೇ ಬೈಬಲಿನೊಳಗೆ ಇವೆ. ಬೈಬಲಿನ ಹೊಲಿಗೆ ಬಿಡುತ್ತಿದೆ. ಬಾಲ್ಕನಿಯ ಬಸಳೆ ಮೂರನೆಯ ತಲೆಮಾರಿನದ್ದು. ಬರುವ ಭಾನುವಾರ ಹೊಸ ಕುಟುಂಬವೊಂದು ಬರುತ್ತದಂತೆ, ಶಿವಮೊಗ್ಗದವರೋ ಹಾಸನದವರೋ, ಜೊತೆಗೆ ಒಬ್ಬರು ಅಜ್ಜಿಯೂ ಇದ್ದಾರಂತೆ. ನಿನ್ನೆಯಿಂದ ಅಮ್ಮ ನಮಗೆ ಹೇಳುತ್ತಲೇ ಇದ್ದಾರೆ, ಸ್ವಲ್ಪ ಬೇಗ ಹೊರಡಬೇಕು, ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹೆಚ್ಚು ಹಾಕಬೇಕು ಎಂದು.